ಕ್ಯಾಸ್ಕೇಡಿಯಾ: ಎರಡು ವಾರದ ಸ್ವಾತಂತ್ರ್ಯಕ್ಕೆ ತಯಾರಿ

ಕ್ಯಾಸ್ಕೇಡಿಯಾ ಎನ್ನುವ ಹೆಸರಿನಲ್ಲಿ ಎರಡು ನಕ್ಷೆಗಳು ಓಡಾಡುತ್ತವೆ. ಮೊದಲನೆಯದು ನದಿಗಳದ್ದು. ಸಿಯಾಟಲ್ ಯೂನಿವರ್ಸಿಟಿಯಲ್ಲಿ ಸಮಾಜಶಾಸ್ತ್ರ ಕಲಿಸುತ್ತಿದ್ದ ಡೇವಿಡ್ ಮೆಕ್‌ಕ್ಲಾಸ್ಕಿ ಬಿಡಿಸಿದ ಆ ನಕ್ಷೆಯಲ್ಲಿ ಅಮೆರಿಕ–ಕೆನಡಾ ಗಡಿಗೆ ಬೆಲೆಯಿಲ್ಲ. ಕೊಲಂಬಿಯಾ, ಫ್ರೇಜರ್, ಸ್ನೇಕ್ ನದಿಗಳಿಗೆ ನೀರು ಹರಿದುಬರುವ ನೆಲವೆಲ್ಲ ಒಂದೇ ಜೀವಪ್ರದೇಶ. ಅಮೆರಿಕದ ವಾಷಿಂಗ್ಟನ್, ಒರೆಗಾನ್ ರಾಜ್ಯಗಳು, ಕೆನಡಾದ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯ ಸೇರಿ ಬೇರೆ ದೇಶವಾಗಬೇಕು ಎನ್ನುವ ಚಳವಳಿ ನೆಚ್ಚಿಕೊಂಡಿರುವುದು ಈ ನಕ್ಷೆಯನ್ನು. ನೀಲಿ, ಬಿಳಿ, ಹಸಿರು ಪಟ್ಟಿಗಳ ಮೇಲೆ ಡಗ್ಲಸ್ ಫರ್ ಮರ ನಿಂತಿರುವ ಅದರ ಬಾವುಟ ಈಗ ಫುಟ್‌ಬಾಲ್ ಪಂದ್ಯಗಳಲ್ಲೂ ಹಾರುತ್ತದೆ. ಎರಡನೆಯ ನಕ್ಷೆ ಸಮುದ್ರದ ಅಡಿಯದು. ವ್ಯಾಂಕೂವರ್ ದ್ವೀಪದ ಉತ್ತರ ಭಾಗದಿಂದ ಕ್ಯಾಲಿಫೋರ್ನಿಯಾದ ಕೇಪ್ ಮೆಂಡೊಸಿನೋವರೆಗೆ ಸುಮಾರು 1,000 ಕಿ.ಮೀ. ಉದ್ದಕ್ಕೆ ಹುವಾನ್ ಡಿ ಫುಕಾ ಎಂಬ ಭೂಫಲಕ (ಭೂಮಿಯ ಹೊರಪದರದ ತುಂಡು) ವರ್ಷಕ್ಕೆ 3ರಿಂದ 4 ಸೆಂ.ಮೀ.ನಷ್ಟು ಉತ್ತರ ಅಮೆರಿಕ ಫಲಕದ ಕೆಳಗೆ ನುಗ್ಗುತ್ತಿದೆ. ನುಗ್ಗುತ್ತಿದೆ ಎನ್ನುವುದಕ್ಕಿಂತ, ನುಗ್ಗಲಾಗದೆ ಸಿಕ್ಕಿಕೊಂಡಿದೆ ಎನ್ನುವುದು ಸರಿ. ಅಪಾಯವೆಲ್ಲ ಆ ಸಿಕ್ಕಿನಲ್ಲಿದೆ.

ಕಾನೂನಿನ ಸ್ವಾತಂತ್ರ್ಯದ ದಾರಿ ದೂರ. ರಾಜ್ಯವೊಂದು ತಾನಾಗಿ ಒಕ್ಕೂಟ ಬಿಟ್ಟುಹೋಗುವಂತಿಲ್ಲ ಎಂದು ಅಮೆರಿಕದ ಸುಪ್ರೀಂ ಕೋರ್ಟ್ 1869ರಲ್ಲೇ ಹೇಳಿದೆ. ಕೆನಡಾದಲ್ಲಿ 1998ರ ಕೋರ್ಟ್ ಅಭಿಪ್ರಾಯ ಮತ್ತು 2000ದ ಕಾಯ್ದೆ ಮಾತುಕತೆಗೆ ಬಾಗಿಲು ತೆರೆದಿಟ್ಟಿವೆ, ಅಷ್ಟೇ. ಚಳವಳಿಯೊಳಗೂ ಅನೇಕರಿಗೆ ಪ್ರತ್ಯೇಕ ಪಾಸ್‌ಪೋರ್ಟ್‌ಗಿಂತ ನೀರು, ಊಟ, ಇಂಧನಗಳಲ್ಲಿ ಸ್ಥಳೀಯ ಸ್ವಾವಲಂಬನೆ ಮುಖ್ಯ. ಆದರೆ ದೊಡ್ಡ ಭೂಕಂಪ ಬಂದ ದಿನ ಸೇತುವೆಗಳು ಬಿದ್ದು, ಪ್ರತಿಯೊಂದು ಹಳ್ಳದ ಕಣಿವೆಯೂ ಬೇರೆ ದೇಶವಾಗುತ್ತದೆ; ಅದಕ್ಕೆ ಯಾರ ಮತವೂ ಬೇಕಿಲ್ಲ. ಒರೆಗಾನ್ ಸರ್ಕಾರದ 2013ರ ಪುನಶ್ಚೇತನ ಯೋಜನೆಯ ಅಂದಾಜು ಹೀಗಿದೆ: ಕರಾವಳಿಗೆ ವಿದ್ಯುತ್ ಮರಳಲು 3ರಿಂದ 6 ತಿಂಗಳು, ಕುಡಿಯುವ ನೀರು ಮತ್ತು ಒಳಚರಂಡಿ ಸರಿಹೋಗಲು 1ರಿಂದ 3 ವರ್ಷ, ಒಳನಾಡಿನ ವಿಲಮೆಟ್ ಕಣಿವೆಯಲ್ಲೂ ವಿದ್ಯುತ್ತಿಗೆ 1ರಿಂದ 3 ತಿಂಗಳು. ಹಿಂದೆಲ್ಲ ಹೇಳುತ್ತಿದ್ದ 72 ಗಂಟೆಯ ತಯಾರಿಯನ್ನು ಬಿಟ್ಟು ಒರೆಗಾನ್, ವಾಷಿಂಗ್ಟನ್ ಎರಡೂ ‘ಎರಡು ವಾರ ಸಿದ್ಧ’ ಎನ್ನತೊಡಗಿದ್ದು ಇದಕ್ಕೇ. ಕೆಳಗಿನದೆಲ್ಲ ಆ ಎರಡು ವಾರಕ್ಕೆ.

ಯಾವ ಭೂಕಂಪಕ್ಕೆ ತಯಾರಿ?

ಇಲ್ಲಿ ಮೂರು ಬಗೆಯ ಕಂಪನಗಳಾಗುತ್ತವೆ. ಮೂರನ್ನೂ ಒಂದೇ ಎಂದುಕೊಳ್ಳುವುದೇ ಸಾಮಾನ್ಯವಾದ ತಪ್ಪು. 2001ರ ಫೆಬ್ರವರಿ 28ರ ನಿಸ್ಕ್ವಾಲಿ ಭೂಕಂಪ 6.8ರ ತೀವ್ರತೆಯದು, ನೆಲದ ಆಳದಲ್ಲಿ ಆದದ್ದು. ‘ಅದನ್ನು ತಡೆದುಕೊಂಡ ಮನೆ ಇದು’ ಎನ್ನುವ ಧೈರ್ಯಕ್ಕೆ ಆಧಾರವಿಲ್ಲ. ಆಗ ನೆಲ ನಡುಗಿದ್ದು ನಿಮಿಷಕ್ಕೂ ಕಡಿಮೆ ಹೊತ್ತು. ಎರಡನೆಯದು ಮೇಲ್ಪದರದ ಬಿರುಕುಗಳದ್ದು: ಸಿಯಾಟಲ್ ನಗರದ ಅಡಿಯಲ್ಲೇ ಹಾದಿರುವ ಬಿರುಕು ಕ್ರಿ.ಶ. 900ರ ಆಸುಪಾಸಿನಲ್ಲಿ ಒಡೆದು ಪ್ಯೂಜೆಟ್ ಸೌಂಡ್ ಎಂಬ ಕಡಲಚಾಚಿನ ಒಳಗೇ ಸುನಾಮಿ ಎಬ್ಬಿಸಿತ್ತು. ಮೂರನೆಯದು ಸಿಕ್ಕಿಕೊಂಡಿರುವ ಆ ಎರಡು ಫಲಕಗಳ ಗಡಿಯೇ ಕಿತ್ತು ಹರಿಯುವುದು. ಕೊನೆಯ ಬಾರಿ ಹರಿದದ್ದು 1700ರ ಜನವರಿ 26ರ ರಾತ್ರಿ, ಸುಮಾರು 9ರ ತೀವ್ರತೆಯಲ್ಲಿ. ದಿನ, ಗಂಟೆ ಗೊತ್ತಾಗಿದ್ದು ಜಪಾನಿನ ದಾಖಲೆಗಳಿಂದ: ಅಲ್ಲಿ ನೆಲ ನಡುಗದೆಯೇ ಬಂದ ಅಲೆಯನ್ನು ಬರೆದಿಟ್ಟಿದ್ದರು. ಇತ್ತ ವಾಷಿಂಗ್ಟನ್ನಿನ ಕೊಪಾಲಿಸ್ ನದಿಯಲ್ಲಿ ಉಪ್ಪುನೀರಿಗೆ ಕುಸಿದು ಸತ್ತ ದೇವದಾರುಗಳ ಬೊಡ್ಡೆಗಳು ಇಂದಿಗೂ ನಿಂತಿವೆ. ವ್ಯಾಂಕೂವರ್ ದ್ವೀಪದ ಪಚೀನಾ ಕೊಲ್ಲಿಯ ಹೂ-ಅಯ್-ಅಹ್ತ್ ಮೂಲನಿವಾಸಿ ಜನರಂತೂ ತಗ್ಗಿನ ಹಳ್ಳಿ ಕೊಚ್ಚಿಹೋದದ್ದನ್ನೂ ದಿಬ್ಬದ ಮೇಲಿನವರು ಉಳಿದದ್ದನ್ನೂ ತಲೆಮಾರುಗಳಿಂದ ಹೇಳಿಕೊಂಡು ಬಂದಿದ್ದಾರೆ.

ಇಡೀ ಗಡಿ ಹೀಗೆ ಹರಿಯುವ ಸಾಧ್ಯತೆ ಮುಂದಿನ 50 ವರ್ಷಗಳಲ್ಲಿ ಶೇ. 10ರಿಂದ 15 ಎಂಬುದು ಒರೆಗಾನ್ ಸ್ಟೇಟ್ ಯೂನಿವರ್ಸಿಟಿಯ ಕ್ರಿಸ್ ಗೋಲ್ಡ್‌ಫಿಂಗರ್ ತಂಡದ ಲೆಕ್ಕ. ದಕ್ಷಿಣದ ತುಂಡು ಮಾತ್ರ 8ಕ್ಕೂ ಮೇಲ್ಪಟ್ಟ ತೀವ್ರತೆಯಲ್ಲಿ ಹರಿಯುವುದು ಶೇ. 37ರಷ್ಟು. ಹರಿದರೆ ನೆಲ 3ರಿಂದ 5 ನಿಮಿಷ ಅಲುಗುತ್ತದೆ. ಕರಾವಳಿಯ ನೆಲ ಅಲ್ಲಲ್ಲಿ ಒಂದರಿಂದ ಎರಡು ಮೀಟರ್ ಕುಸಿಯುತ್ತದೆ. ಹೊರ ಕರಾವಳಿಯ ಹತ್ತಿರದ ಊರುಗಳಿಗೆ ಮೊದಲ ಅಲೆ 15ರಿಂದ 20 ನಿಮಿಷಗಳಲ್ಲಿ ತಲುಪುತ್ತದೆ.

ಕರಾವಳಿಯಲ್ಲಿದ್ದರೆ: ನಡಿಗೆಯ ಲೆಕ್ಕ

ಮನೆಯ ಇನ್ಯಾವ ಕೆಲಸಕ್ಕೂ ಮೊದಲು ಇದನ್ನು ಮುಗಿಸಿ. ನಿಮ್ಮ ಊರಿನ ಸುನಾಮಿ ತೆರವು ನಕ್ಷೆ ತೆಗೆದುಕೊಳ್ಳಿ: ಒರೆಗಾನ್‌ನಲ್ಲಿ ಭೂವಿಜ್ಞಾನ ಇಲಾಖೆಯದು, ವಾಷಿಂಗ್ಟನ್ನಿನಲ್ಲಿ ರಾಜ್ಯ ಭೂವೈಜ್ಞಾನಿಕ ಸರ್ವೆಯದು. ಒರೆಗಾನ್ ನಕ್ಷೆಯಲ್ಲಿ ಬಣ್ಣ ಓದುವುದನ್ನು ಕಲಿಯಬೇಕು. ಕಿತ್ತಳೆ ಬಣ್ಣ ದೂರದ ಸುನಾಮಿಗೆ, ಅಂದರೆ ಅಲಾಸ್ಕ ಅಥವಾ ಜಪಾನ್ ಕಡೆಯಿಂದ ಗಂಟೆಗಟ್ಟಲೆ ಸಮಯ ಕೊಟ್ಟು ಬರುವುದಕ್ಕೆ. ಹಳದಿ ನಮ್ಮದೇ ಕರಾವಳಿಯ ದೊಡ್ಡ ಸುನಾಮಿಗೆ. ಹಸಿರು ಸುರಕ್ಷಿತ. ಕಿತ್ತಳೆ ದಾಟಿದೆವು ಎಂದು ಹಳದಿಯಲ್ಲಿ ನಿಂತರೆ ಆಗಲಿಲ್ಲ. ನೆಲ ಅಲುಗಿದ ಮೇಲೆ ಹಸಿರು ಮುಟ್ಟುವವರೆಗೆ ನಡೆಯಬೇಕು.

ಈಗ ಲೆಕ್ಕ. ನೆಲ ಅಲುಗುವಾಗ ನಡೆಯಲಾಗದು, ಆ 5 ನಿಮಿಷ ಹೋಯಿತು. ಬೂಟು ಹಾಕಿ ಮಕ್ಕಳನ್ನು ಎಳೆದುಕೊಂಡು ಹೊರಬೀಳಲು 2 ನಿಮಿಷ. ಅಲೆಗೆ 20 ನಿಮಿಷ ಎಂದಿಟ್ಟುಕೊಂಡರೆ ಉಳಿದದ್ದು 13. ಸಾಧಾರಣ ನಡಿಗೆ ಸೆಕೆಂಡಿಗೆ 1.1 ಮೀಟರ್, ನಿಮಿಷಕ್ಕೆ 66 ಮೀಟರ್. ಅಂದರೆ 850 ಮೀಟರ್ ಚಿಲ್ಲರೆ. ಅಲೆ 15 ನಿಮಿಷಕ್ಕೇ ಬರುವ ಜಾಗವಾದರೆ 530 ಮೀಟರ್ ಮಾತ್ರ. ಇದು ಒಣ ಟಾರು ರಸ್ತೆಯ ಲೆಕ್ಕ. ಮರಳು ನೆಲ ಕಂಪನಕ್ಕೆ ನೀರಾಡಿ ಕೆಸರಾಗಿರುತ್ತದೆ, ವಿದ್ಯುತ್ ತಂತಿ ಅಡ್ಡ ಬಿದ್ದಿರುತ್ತದೆ, ಅಜ್ಜಿಯ ಕಾಲಿಗೆ ಅಷ್ಟು ಓಟವಿರುವುದಿಲ್ಲ. ದಾರಿಯಲ್ಲಿ ಸೇತುವೆ ಇದ್ದರೆ ಅದು ಇಲ್ಲ ಎಂದೇ ಎಣಿಸಿ ಇನ್ನೊಂದು ದಾರಿ ಹುಡುಕಿ. ಕಾರು ಬೇಡ: ಒಂದು ಬಿರುಕು, ಒಂದು ಮರ, ಮುಂದಿನ ಒಬ್ಬನ ಗಾಬರಿ ಸಾಕು, ಇಡೀ ಸಾಲು ನಿಂತುಬಿಡುತ್ತದೆ. ದಾರಿಯನ್ನು ಹಗಲಲ್ಲಿ ಒಮ್ಮೆ ನಡೆದರೆ ಸಾಲದು, ಚಳಿಗಾಲದ ಮಳೆಯಲ್ಲಿ, ರಾತ್ರಿ, ಹೆಡ್‌ಲ್ಯಾಂಪ್ ಕಟ್ಟಿಕೊಂಡು ಗಡಿಯಾರ ಹಿಡಿದು ನಡೆಯಿರಿ. 1700ರದ್ದು ಬಂದದ್ದು ಅಂಥ ಹೊತ್ತಿನಲ್ಲೇ.

ಲೆಕ್ಕ ಕೂಡದಿದ್ದರೆ ಮೇಲಕ್ಕೆ ಹೋಗುವ ಕಟ್ಟಡ ಹುಡುಕಬೇಕು. ವಾಷಿಂಗ್ಟನ್ ಕರಾವಳಿಯ ವೆಸ್ಟ್‌ಪೋರ್ಟಿನ ಒಕೋಸ್ಟಾ ಪ್ರಾಥಮಿಕ ಶಾಲೆಯ ಚಾವಣಿ ಸುಮಾರು 1,000 ಜನ ನಿಲ್ಲುವಂತೆ 2016ರಲ್ಲಿ ಸಿದ್ಧವಾಯಿತು. ಉತ್ತರ ಅಮೆರಿಕದಲ್ಲಿ ಅಂಥದ್ದು ಅದೇ ಮೊದಲು. ಟೋಕ್‌ಲ್ಯಾಂಡಿನಲ್ಲಿ ಶೋಲ್‌ವಾಟರ್ ಬೇ ಬುಡಕಟ್ಟು 2022ರಲ್ಲಿ ತನ್ನದೇ ಗೋಪುರ ಕಟ್ಟಿತು. ಕ್ವಿನಾಲ್ಟ್ ಜನ ಇನ್ನೂ ಮುಂದೆ ಹೋಗಿ ಟಹೋಲಾ ಹಳ್ಳಿಯನ್ನೇ ದಿಬ್ಬದ ಮೇಲಕ್ಕೆ ಸಾಗಿಸುವ ಕೆಲಸದಲ್ಲಿದ್ದಾರೆ. ಜೀವಪ್ರದೇಶದ ಸ್ವರಾಜ್ಯ ಎಂದು ಭಾಷಣ ಮಾಡುವವರು ಈ ಎರಡು ಬುಡಕಟ್ಟುಗಳ ಕೆಲಸವನ್ನು ಒಮ್ಮೆ ಹೋಗಿ ನೋಡಿ ಬರುವುದು ಒಳ್ಳೆಯದು. ಸಾಮಾನ್ಯ ಮರದ ಮನೆಯ ಮಹಡಿ ಇದಕ್ಕೆ ಆಗುವುದಿಲ್ಲ, ಅಲೆ ಮನೆಯನ್ನೇ ಅಡಿಪಾಯದಿಂದ ಎತ್ತುತ್ತದೆ.

ಸೈರನ್‌ಗೆ ಕಾಯಬೇಡಿ, ನೆಲದ ಉದ್ದ ಕಂಪನವೇ ಸೈರನ್. ಮೊದಲ ಅಲೆ ಸಣ್ಣದಿತ್ತೆಂದು ಇಳಿಯಲೂ ಬೇಡಿ. 1964ರ ಮಾರ್ಚ್ 27ರ ಅಲಾಸ್ಕ ಭೂಕಂಪದ ಅಲೆಗಳು ಕ್ಯಾಲಿಫೋರ್ನಿಯಾದ ಕ್ರೆಸೆಂಟ್ ಸಿಟಿಗೆ ಬಂದಾಗ ಮೊದಲ ಅಲೆಗಳು ಇಳಿದವೆಂದು ಕೆಲವರು ಅಂಗಡಿ ಒರೆಸಲು ವಾಪಸಾದರು. ಕೊಂದದ್ದು ನಾಲ್ಕನೆಯ ಅಲೆ. ಕನಿಷ್ಠ 12 ಗಂಟೆ, ಕೆಲವೊಮ್ಮೆ ಇಡೀ ದಿನ, ಮೇಲೆಯೇ ಇರಬೇಕಾಗುತ್ತದೆ. ಆದ್ದರಿಂದ ಬೆನ್ನಿಗೆ ಹಾಕುವ ಚೀಲ 7–8 ಕೆ.ಜಿ. ಮೀರದಿರಲಿ: ಎರಡು ಲೀಟರ್ ನೀರು, ಮಳೆಯಂಗಿ, ಉಣ್ಣೆಯ ಟೋಪಿ, ಟಾರ್ಪಾಲ್, ಔಷಧ, ರೇಡಿಯೊ. ಇಲ್ಲಿನ ಚಳಿಮಳೆಯಲ್ಲಿ ಒದ್ದೆಯಾಗಿ ಕೂತರೆ, ಅಲೆ ತಪ್ಪಿಸಿಕೊಂಡವರೂ ದೇಹ ತಣ್ಣಗಾಗಿ ಸಾಯಬಹುದು.

ಮನೆ: ಬೋಲ್ಟು ಮತ್ತು ಹಂಡೆ

1970ರ ದಶಕದ ಮಧ್ಯಕ್ಕಿಂತ ಹಿಂದೆ ಕಟ್ಟಿದ ಮರದ ಮನೆಗಳಲ್ಲಿ ಬಹಳಷ್ಟು ಅಡಿಪಾಯದ ಮೇಲೆ ಸುಮ್ಮನೆ ಕೂತಿರುತ್ತವೆ. ಟಾರ್ಚ್ ಹಿಡಿದು ನೆಲಮಾಳಿಗೆಗೋ ಮನೆಯಡಿಯ ತೆವಳುವ ಜಾಗಕ್ಕೋ ಇಳಿಯಿರಿ. ಕಾಂಕ್ರೀಟಿನ ಮೇಲೆ ಮಲಗಿಸಿರುವ ಮರದ ತೊಲೆಯ ಮೇಲೆ ನಟ್ಟು, ವಾಷರ್ ಕಾಣುತ್ತಿವೆಯೇ? ಇಲ್ಲದಿದ್ದರೆ ಅಲುಗಾಟಕ್ಕೆ ಮನೆ ಜಾರುತ್ತದೆ, ಜಾರಿದಾಗ ಗ್ಯಾಸ್ ಪೈಪ್ ಹರಿಯುತ್ತದೆ. ಅರ್ಧ ಇಂಚು ಅಥವಾ ಐದು-ಎಂಟಾಂಶ ಇಂಚಿನ ಬೋಲ್ಟನ್ನು 6 ಅಡಿಗೆ ಒಂದರಂತೆ, ತೊಲೆಯ ಪ್ರತಿ ತುಂಡಿನ ತುದಿಯಿಂದ ಒಂದಡಿಯೊಳಗೆ ಒಂದು ಬರುವಂತೆ ಕೂರಿಸಬೇಕು. ವಾಷರ್ 3 ಇಂಚಿನ ಚೌಕದ್ದಾಗಿರಲಿ, ದುಂಡನೆಯದು ಮರವನ್ನು ಸೀಳಿಕೊಂಡು ಹೋಗುತ್ತದೆ. ಅಂಟು ಹಾಕಿ ಕೂರಿಸುವ ಬೋಲ್ಟುಗಳಲ್ಲಿ ಕೆಡುವುದು ಹೆಚ್ಚಾಗಿ ಒಂದೇ ಕಡೆ: ಕೊರೆದ ತೂತಿನ ಧೂಳನ್ನು ಬ್ರಷ್ಷಿನಿಂದ ಉಜ್ಜಿ, ಗಾಳಿ ಊದಿ ತೆಗೆಯದಿದ್ದರೆ ಅಂಟು ಧೂಳಿಗೆ ಹಿಡಿಯುತ್ತದೆ, ಕಾಂಕ್ರೀಟಿಗಲ್ಲ. ತೊಲೆಗೂ ಮನೆಯ ನೆಲಹಾಸಿಗೂ ನಡುವೆ ಕುಳ್ಳ ಗೋಡೆ ಇದ್ದರೆ ಅದಕ್ಕೆ ಪ್ಲೈವುಡ್ ಹೊದಿಸಬೇಕು, ಗಾಳಿಯಾಡಲು ತೂತು ಬಿಟ್ಟು. ಇಲ್ಲವಾದರೆ ಮಳೆನಾಡಿನ ತೇವಕ್ಕೆ ಒಳಗಿನ ಮರ ಕೊಳೆಯುತ್ತದೆ. ಕೆಲಸಕ್ಕೆ ನಗರಾಡಳಿತದ ಪರ್ಮಿಟ್ ಬೇಕಾಗಬಹುದು, ಮೊದಲೇ ಕೇಳಿ. ಸಲಾಕೆಯಿಲ್ಲದ ಹಳೆಯ ಇಟ್ಟಿಗೆ ಕಟ್ಟಡದಲ್ಲಿ ಬಾಡಿಗೆಗಿದ್ದರೆ ಈ ಯಾವುದೂ ನಿಮ್ಮ ಕೈಯಲ್ಲಿಲ್ಲ. ಸಿಯಾಟಲ್ ಒಂದರಲ್ಲೇ ಅಂಥವು 1,100ಕ್ಕೂ ಹೆಚ್ಚಿವೆ. ಮನೆ ಬದಲಿಸುವುದೇ ಅದಕ್ಕಿರುವ ಸರಿಯಾದ ಸಲಹೆ.

ಬಿಸಿನೀರಿನ ಹಂಡೆಗೆ ಅರ್ಧ ದಿನ ಸಾಕು. 50 ಗ್ಯಾಲನ್ ಹಂಡೆಯಲ್ಲಿ ನೀರೇ 190 ಕೆ.ಜಿ. ಇರುತ್ತದೆ, ಉರುಳಿದರೆ ಬೆಂಕಿ, ನಿಂತರೆ ನಿಮ್ಮ ಕುಡಿಯುವ ನೀರು. ಎರಡು ಲೋಹದ ಪಟ್ಟಿ ಬೇಕು. ಒಂದು ಎತ್ತರದ ಮೇಲಿನ ಮೂರನೇ ಒಂದು ಭಾಗದಲ್ಲಿ, ಇನ್ನೊಂದು ಕೆಳಗಿನ ಮೂರನೇ ಒಂದು ಭಾಗದಲ್ಲಿ, ಆದರೆ ಕಂಟ್ರೋಲ್ ಪೆಟ್ಟಿಗೆಗಿಂತ ಕನಿಷ್ಠ 10 ಸೆಂ.ಮೀ. ಮೇಲೆ. ಕಾಲಿಂಚು ದಪ್ಪ, 3 ಇಂಚು ಉದ್ದದ ಲ್ಯಾಗ್ ಸ್ಕ್ರೂಗಳು ಗೋಡೆಯೊಳಗಿನ ಮರದ ಕಂಬಕ್ಕೇ ಹೋಗಬೇಕು. ಕಂಬಗಳು ಸಾಮಾನ್ಯವಾಗಿ 16 ಇಂಚಿಗೊಂದು ಇರುತ್ತವೆ. ಜಿಪ್ಸಮ್ ಹಲಗೆಗೆ ಮಾತ್ರ ಬಿಗಿದ ಪಟ್ಟಿ ಮೊದಲ ಜಗ್ಗಾಟಕ್ಕೇ ಕಿತ್ತು ಬರುತ್ತದೆ. ಹಂಡೆಗೂ ಗೋಡೆಗೂ ನಡುವೆ ಸಂದಿದ್ದರೆ ಮರದ ತುಂಡು ಕೊಟ್ಟು ತುಂಬಿ. ಗ್ಯಾಸ್ ಸಂಪರ್ಕ ಬಾಗುವ ಪೈಪಿನದಾಗಿರಲಿ.

ಮೀಟರಿನ ಪಕ್ಕ 12 ಇಂಚಿನ ಸ್ಪ್ಯಾನರ್ ತೂಗುಹಾಕಿ. ಕವಾಟ ಪೈಪಿಗೆ ಅಡ್ಡವಾಗುವಂತೆ ಕಾಲು ಸುತ್ತು ತಿರುಗಿಸಿದರೆ ಗ್ಯಾಸ್ ಬಂದ್. ಆದರೆ ವಾಸನೆ ಬಂದರೆ, ಬುಸುಗುಟ್ಟಿದ ಸದ್ದು ಕೇಳಿದರೆ ಮಾತ್ರ ಮುಚ್ಚಿ. ಸುಮ್ಮನೆ ಮುಚ್ಚಿದವರು ಕಂಪನಿಯ ತಂತ್ರಜ್ಞ ಬಂದು ತೆರೆಯುವವರೆಗೆ ವಾರಗಟ್ಟಲೆ ಚಳಿಯಲ್ಲಿ ಕೂರಬೇಕಾಗುತ್ತದೆ. ನೀವೇ ತೆರೆಯುವ ಹಾಗಿಲ್ಲ.

ನೆಲ ಅಲುಗುವಾಗ ಗಟ್ಟಿ ಮೇಜಿನಡಿ ಕುಕ್ಕರಿಸಿ, ತಲೆ ಮುಚ್ಚಿ, ಮೇಜಿನ ಕಾಲು ಹಿಡಿದುಕೊಳ್ಳಿ. ಬಾಗಿಲ ಚೌಕಟ್ಟಿನಲ್ಲಿ ನಿಲ್ಲುವುದು ಹಳೆಯ ಮಾತು. ಹೊರಗೆ ಓಡುವವರ ಮೇಲೆ ಇಟ್ಟಿಗೆಯೂ ಗಾಜೂ ಬೀಳುತ್ತವೆ. ಶೇಕ್‌ಅಲರ್ಟ್ ಎಂಬ ಭೂಕಂಪದ ಮುನ್ನೆಚ್ಚರಿಕೆ ಒರೆಗಾನ್, ವಾಷಿಂಗ್ಟನ್‌ಗಳಲ್ಲಿ 2021ರಿಂದ ಫೋನಿಗೆ ಬರುತ್ತಿದೆ, ಬ್ರಿಟಿಷ್ ಕೊಲಂಬಿಯಾದಲ್ಲಿ ಕೆನಡಾದ ವ್ಯವಸ್ಥೆ 2024ರಿಂದ ಇದೆ. ಸಿಗುವುದು ಸೆಕೆಂಡುಗಳು, ಮೇಜಿನಡಿ ಹೋಗಲು ಅಷ್ಟು ಸಾಕು. ಮಂಚದಡಿ ಚೀಲದಲ್ಲಿ ಗಟ್ಟಿ ಬೂಟು ಕಟ್ಟಿಡಿ, ಕತ್ತಲಲ್ಲಿ ಎದ್ದ ಕೂಡಲೇ ಕಾಲಿಗೆ ಸಿಗುವುದು ಒಡೆದ ಗಾಜು.

ನೀರು ಮತ್ತು ಎರಡು ಬಕೆಟ್

ತಲೆಗೆ ದಿನಕ್ಕೆ 4 ಲೀಟರ್, 14 ದಿನಕ್ಕೆ 56. ನಾಲ್ವರ ಮನೆಗೆ 224 ಲೀಟರ್. ಅಂಗಡಿಯ ಬಾಟಲಿಗಳಲ್ಲಿ ಇದನ್ನು ಜೋಡಿಸುವುದು ದುಡ್ಡಿನ ದಂಡ. 20 ಲೀಟರಿನ ಕ್ಯಾನುಗಳು ಆರು, ಜೊತೆಗೆ ಹಂಡೆಯ ನೀರು, ಲೆಕ್ಕ ಮುಗಿಯಿತು. ಆದರೆ ಹಂಡೆಯ ನೀರು ನಿಮ್ಮದಾಗಿ ಉಳಿಯಬೇಕಾದರೆ ಕಂಪನ ನಿಂತ ಕೂಡಲೇ ಮನೆಯ ಮುಖ್ಯ ನೀರಿನ ಕವಾಟ ಮುಚ್ಚಬೇಕು. ಬೀದಿಯ ಪೈಪ್ ಒಡೆದಿದ್ದರೆ ನಿಮ್ಮ ಹಂಡೆ ಹಿಮ್ಮುಖವಾಗಿ ಬರಿದಾಗುತ್ತದೆ, ಇಲ್ಲವೇ ಕೊಳಕು ಒಳಗೆ ಬರುತ್ತದೆ. ತೆಗೆಯುವಾಗ ಮೊದಲು ಹಂಡೆಯ ಗ್ಯಾಸ್ ಅಥವಾ ಕರೆಂಟ್ ಆರಿಸಿ, ತಣ್ಣೀರಿನ ಕವಾಟ ಮುಚ್ಚಿ, ಮಹಡಿಯ ಬಿಸಿನೀರಿನ ನಲ್ಲಿ ತೆರೆದು, ಆಮೇಲೆ ತಳದ ನಲ್ಲಿ ಬಿಡಿ. ಮೇಲಿನ ನಲ್ಲಿ ತೆರೆಯದಿದ್ದರೆ ಗಾಳಿ ಹೋಗದೆ ನೀರು ಇಳಿಯುವುದಿಲ್ಲ. ಮೊದಲು ಬರುವ ಗಸಿಯನ್ನು ತೊಳೆಯಲು ಇಟ್ಟುಕೊಳ್ಳಿ.

ಹಳ್ಳದ ನೀರಾದರೆ ಬಟ್ಟೆಯಲ್ಲಿ ಸೋಸಿ, ವಾಸನೆ-ಬಣ್ಣ ಸೇರಿಸದ ಬ್ಲೀಚ್ ಹಾಕಬೇಕು: ಶೇ. 6ರದ್ದಾದರೆ ಗ್ಯಾಲನ್‌ಗೆ (ಸುಮಾರು 3.8 ಲೀಟರಿಗೆ) 8 ಹನಿ, ಶೇ. 8.25ರದ್ದಾದರೆ 6. ಕಲಸಿ 30 ನಿಮಿಷ ಬಿಡಿ. ಕ್ಲೋರಿನ್ನಿನ ಸಣ್ಣ ವಾಸನೆ ಬರಬೇಕು. ಬರದಿದ್ದರೆ ಅಷ್ಟೇ ಹನಿ ಮತ್ತೆ ಹಾಕಿ 15 ನಿಮಿಷ ಕಾಯಿರಿ. ನೀರು ಕದಡಿದ್ದರೆ, ತೀರಾ ತಣ್ಣಗಿದ್ದರೆ ಮೊದಲೇ ಎರಡರಷ್ಟು. ಬ್ಲೀಚಿನ ಶಕ್ತಿ ವರ್ಷದೊಳಗೆ ಇಳಿಯುವುದರಿಂದ ಬಾಟಲಿಯ ಮೇಲೆ ಕೊಂಡ ತಾರೀಖು ಬರೆದಿಡಿ. ಪೆಟ್ರೋಲ್ ಬೆರೆತ ನೀರಿಗೆ ಬ್ಲೀಚೂ ಇಲ್ಲ, ಕುದಿಸುವುದೂ ಇಲ್ಲ, ಚೆಲ್ಲಿ. ಊಟದ ಬಗ್ಗೆ ಒಂದೇ ಮಾತು: ಬೇಳೆ-ಅಕ್ಕಿ ಡಬ್ಬಿ ತುಂಬ ಇದ್ದರೂ ಬೇಯಿಸಲು ನೀರು, ಉರುವಲು ಎರಡೂ ಬೇಕು. ಅವಲಕ್ಕಿ, ಹುರಿಹಿಟ್ಟು, ಕಡಲೆಕಾಯಿ ಬೆಣ್ಣೆ, ಡಬ್ಬಿಯ ಕಾಳುಗಳು ಈ ಕೆಲಸಕ್ಕೆ ವಾಸಿ.

ಜನ ಮರೆಯುವುದು ಶೌಚ. 2011ರಲ್ಲಿ ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್‌ನಲ್ಲಿ ನೆಲ ನೀರಾಡಿ ಒಳಚರಂಡಿ ಪೈಪುಗಳು ಒಡೆದಾಗ ಕಲಿತ ಪಾಠವನ್ನು ಪೋರ್ಟ್‌ಲ್ಯಾಂಡಿನ ‘ಫ್ಲಶ್’ ಎಂಬ ಸ್ವಯಂಸೇವಾ ಗುಂಪು ಇಲ್ಲಿ ಹರಡಿತು. 20 ಲೀಟರಿನ ಎರಡು ಬಕೆಟ್, ಒಂದು ಕೂರುವ ಮುಚ್ಚಳ. ಮೊದಲ ಬಕೆಟ್ ಮೂತ್ರಕ್ಕೆ ಮಾತ್ರ. ಬಳಸಿದ ನೀರು ಬೆರೆಸಿ ಹುಲ್ಲಿಗೆ ಸುರಿಯಬಹುದು. ಎರಡನೆಯದು ಮಲಕ್ಕೆ, ಗಟ್ಟಿ ಚೀಲ ಹಾಕಿ; ಪ್ರತಿ ಸಲವೂ ಮರದ ಹೊಟ್ಟು, ಒಣ ಎಲೆ ಅಥವಾ ಚೂರು ಕಾಗದ ಮುಚ್ಚುವಷ್ಟು ಹಾಕಿ. ಬೇರೆ ಬೇರೆ ಏಕೆ? ಎರಡೂ ಕೂಡಿದಾಗಲೇ ನಾತ, ನೊಣ, ಕೊಚ್ಚೆ. ಒಣಗಿದ್ದರೆ ಎರಡನೇ ಬಕೆಟ್ ತುಂಬಲು ದಿನಗಳು ಹಿಡಿಯುತ್ತವೆ. ಒಂದು ಮೂಟೆ ಹೊಟ್ಟು ಗ್ಯಾರೇಜಿನಲ್ಲಿರಲಿ. ಒಳಚರಂಡಿ ಸರಿಯಿದೆ ಎಂದು ನಗರದಿಂದ ತಿಳಿಯುವವರೆಗೆ ಫ್ಲಶ್ ಮಾಡಿದರೆ ಅದು ಇಳಿಜಾರಿನ ಕೆಳಗಿನವರ ಮನೆಯಲ್ಲಿ ಏಳುತ್ತದೆ.

ಬೀದಿ: ನಿಮ್ಮ ದ್ವೀಪದ ಗಡಿ ಗುರುತಿಸಿ

ಚಳವಳಿಯ ನಕ್ಷೆಯನ್ನು ಕೆಲಸಕ್ಕೆ ಹಚ್ಚಬೇಕಾದದ್ದು ಇಲ್ಲಿ. ಊರಿನ ನಕ್ಷೆಯ ಮುದ್ರಿತ ಪ್ರತಿ ತೆಗೆದುಕೊಂಡು ಮನೆಯ ಸುತ್ತಲಿನ ಹಳ್ಳ, ನದಿ, ಹೆದ್ದಾರಿ ಮೇಲ್ಸೇತುವೆಗಳನ್ನು ಕೆಂಪಿನಲ್ಲಿ ಬರೆಯಿರಿ. ಪ್ರತಿ ಸೇತುವೆಯನ್ನೂ ಹೊಡೆದುಹಾಕಿ. ಉಳಿದ ತುಂಡು ನಿಮ್ಮ ದ್ವೀಪ. ಅದರೊಳಗೆ ಆಸ್ಪತ್ರೆ ಇದೆಯೇ, ನರ್ಸ್ ಯಾರು, ಮಕ್ಕಳ ಶಾಲೆ ಆಚೆಯೋ ಈಚೆಯೋ, ವರ್ಷವಿಡೀ ಹರಿಯುವ ನೀರೆಲ್ಲಿ ಎಂದು ಗುರುತು ಮಾಡಿ. ಶಾಲೆ ಆಚೆಯಾದರೆ ಆ ದಡದಲ್ಲಿ ಮಗುವನ್ನು ಕರೆದುಕೊಳ್ಳಬಲ್ಲ ಒಬ್ಬರ ಹೆಸರು ಶಾಲೆಯ ಫಾರಂನಲ್ಲಿ ಇಂದೇ ಇರಬೇಕು.

ಆಮೇಲೆ 15–20 ಮನೆಗಳನ್ನು ಒಂದು ಸಂಜೆ ಕೂಡಿಸಿ. ವಾಷಿಂಗ್ಟನ್ ರಾಜ್ಯದ ‘ಮ್ಯಾಪ್ ಯುವರ್ ನೇಬರ್‌ಹುಡ್’ ಕ್ರಮ ಇದಕ್ಕೆ ಚೆನ್ನಾಗಿ ಒಗ್ಗುತ್ತದೆ: ಮೊದಲು ತನ್ನ ಮನೆ, ಬೂಟು-ಕೈಗವಸು-ಹೆಲ್ಮೆಟ್, ಗ್ಯಾಸ್, ನೀರಿನ ಕವಾಟ; ನಂತರ ‘ಕ್ಷೇಮ’ ಅಥವಾ ‘ಸಹಾಯ ಬೇಕು’ ಎಂಬ ಫಲಕ ಕಿಟಕಿಗೆ; ಬೆಂಕಿ ಆರಿಸುವ ಸಿಲಿಂಡರ್ ಪಾದಚಾರಿ ದಾರಿಗೆ; ಬಳಿಕ ಗೊತ್ತಾದ ಜಾಗದಲ್ಲಿ ಸೇರಿ ತಂಡ ಮಾಡಿಕೊಳ್ಳುವುದು. ಒಂದು ತಂಡ ರೇಡಿಯೊ ಕೇಳಲು, ಒಂದು ಮುದುಕರು ಮತ್ತು ಒಂಟಿ ಮಕ್ಕಳನ್ನು ನೋಡಲು, ಒಂದು ಗ್ಯಾಸ್ ಮೀಟರ್‌ಗಳಿಗೆ, ಒಂದು ಫಲಕವೇ ಇಲ್ಲದ ಮನೆಗಳ ಬಾಗಿಲು ತಟ್ಟಲು. ಸಿಯಾಟಲ್‌ನಲ್ಲಿ ಬಡಾವಣೆಯ ಸಂಪರ್ಕ ಕೇಂದ್ರಗಳಿವೆ, ಪೋರ್ಟ್‌ಲ್ಯಾಂಡಿನಲ್ಲಿ ‘ಬೀಕನ್’ ಎಂದು ಕರೆಯುವ ರೇಡಿಯೊ ಠಾಣೆಗಳು, ವ್ಯಾಂಕೂವರ್‌ನಲ್ಲಿ ವಿಪತ್ತು ನೆರವು ಕೇಂದ್ರಗಳು. ಹತ್ತಿರದ್ದು ನಿಮ್ಮ ದ್ವೀಪದೊಳಗೇ ಇದೆಯೇ ನೋಡಿ.

ಹವಾಮಾನ ರೇಡಿಯೊ ಅಮೆರಿಕದ ಕಡೆ 162.400ರಿಂದ 162.550 ಮೆಗಾಹರ್ಟ್ಸ್ ನಡುವೆ ಸಿಗುತ್ತದೆ. ಫೋನಿನಲ್ಲಿ ಮಾತಿಗಿಂತ ಮೆಸೇಜ್ ಮೊದಲು ದಾಟುತ್ತದೆ. ಸಾವಿರ ಮೈಲಿ ದೂರದ ಒಬ್ಬ ನೆಂಟರನ್ನು ಎಲ್ಲರ ಸುದ್ದಿಗೆ ಗೊತ್ತುಮಾಡಿಕೊಳ್ಳಿ. ಜನರೇಟರ್ ನೆಚ್ಚಿಕೊಳ್ಳಬೇಡಿ. ಒರೆಗಾನ್ನಿನ ದ್ರವ ಇಂಧನದ ಶೇ. 90ಕ್ಕೂ ಹೆಚ್ಚು ಪೋರ್ಟ್‌ಲ್ಯಾಂಡಿನ ವಿಲಮೆಟ್ ನದಿಯ ದಡದ ಸಡಿಲ ನೆಲದ ಮೇಲಿನ ಟ್ಯಾಂಕುಗಳ ಮೂಲಕ ಬರುತ್ತದೆ. ಆ ನೆಲ ಕಂಪನಕ್ಕೆ ನೀರಾಡುವಂಥದ್ದು. ಅದೇ ಊರಿನಲ್ಲಿ ಸಾಮಾನು ಹೊರುವ ಸೈಕಲ್ಲುಗಳ ವಿಪತ್ತು ಸ್ಪರ್ಧೆ ಹುಟ್ಟಿಕೊಂಡದ್ದು ತಮಾಷೆಗಲ್ಲ. ಪಂಕ್ಚರ್ ಆಗದ ಟಯರು, ಹಿಂದೊಂದು ಗಾಡಿ ಇದ್ದರೆ 40 ಲೀಟರ್ ನೀರು ಬರುತ್ತದೆ.

ವಿಮೆ ಕೊನೆಯ ಕೆಲಸ, ಆದರೆ ಸಮಯ ನೋಡಿ ಮಾಡಬೇಕಾದದ್ದು. ಸಾಮಾನ್ಯ ಮನೆ ವಿಮೆಯಲ್ಲಿ ಭೂಕಂಪ ಸೇರಿರುವುದಿಲ್ಲ, ಬೇರೆ ಕೊಳ್ಳಬೇಕು. ನೀವೇ ಭರಿಸಬೇಕಾದ ಮೊದಲ ಪಾಲು ಡಾಲರಿನಲ್ಲಲ್ಲ, ಮನೆಯ ಮೌಲ್ಯದ ಶೇಕಡಾವಾರಿನಲ್ಲಿರುತ್ತದೆ. ಅಮೆರಿಕದಲ್ಲಿ ಸುನಾಮಿಯ ನೀರು ಭೂಕಂಪದ ಲೆಕ್ಕಕ್ಕೆ ಬರುವುದಿಲ್ಲ, ಪ್ರವಾಹ ವಿಮೆಯ ಲೆಕ್ಕಕ್ಕೆ ಬರುತ್ತದೆ. ಕೇಂದ್ರದ ಆ ವಿಮೆ ಸಾಮಾನ್ಯವಾಗಿ 30 ದಿನ ಕಳೆದ ಮೇಲೆ ಜಾರಿಯಾಗುತ್ತದೆ. ಹತ್ತಿರದಲ್ಲಿ ಭೂಕಂಪವಾದ ಮೇಲೆ ಕಂಪನಿಗಳು ಕೆಲಕಾಲ ಹೊಸ ಪಾಲಿಸಿ ಮಾರುವುದನ್ನು ನಿಲ್ಲಿಸಬಹುದು. ಹಾಗಾಗಿ ನೆಲ ಸುಮ್ಮನಿರುವ ಒಂದು ವಾರದಲ್ಲಿ ಎರಡೂ ಅರ್ಜಿ ಹಾಕಿ, ಮನೆಯ ಪ್ರತಿ ಕೋಣೆಯ ಫೋಟೊ ತೆಗೆದು ಆ ದೂರದ ನೆಂಟರಿಗೆ ಒಂದು ಪ್ರತಿ ಕಳುಹಿಸಿಡಿ.